ಸೆಲ್ಯುಲರ್ ರೇಡಿಯೊ: ಗಡಿ ತಾಲ್ಲೂಕುಗಳ ಕಣ್ಣಲ್ಲಿ

ಪ್ರದೇಶವನ್ನು ಕೋಶಗಳಾಗಿ ವಿಂಗಡಿಸಿ, ಒಂದೇ ಆವರ್ತನವನ್ನು ದೂರದ ಕೋಶಗಳಲ್ಲಿ ಮತ್ತೆ ಬಳಸುವುದೇ ಸೆಲ್ಯುಲರ್ ತಂತ್ರದ ತಿರುಳು. ಪ್ರಯಾಣದ ನಡುವೆ ಕರೆ ಕಡಿಯದೆ ಕೋಶದಿಂದ ಕೋಶಕ್ಕೆ ಸಾಗುವುದು ಹ್ಯಾಂಡ್‌ಓವರ್. 900 ಮೆಗಾಹರ್ಟ್ಸ್ ಸಂಕೇತ 1800ಕ್ಕಿಂತ ದೂರ ತಲುಪುತ್ತದೆ. ಊರುಗಳು ಚದುರಿರುವ ಜೇವರ್ಗಿಯಂಥ ಬಯಲುಸೀಮೆಗೆ ಇದೇ ಮುಖ್ಯ.

ಆಳಂದ, ಅಫಜಲಪುರ ತಾಲ್ಲೂಕುಗಳ ಗಡಿಯೂರುಗಳಲ್ಲಿ ಫೋನು ಮಹಾರಾಷ್ಟ್ರದ ಟವರ್ ಹಿಡಿದರೆ ಅದು ರೋಮಿಂಗ್, ಏಕೆಂದರೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಬೇರೆ ಬೇರೆ ಪರವಾನಗಿ ವಲಯಗಳು (ದೇಶದಲ್ಲಿ ಒಟ್ಟು 22). ವಲಯ ಬದಲಾದರೂ ಸಂಖ್ಯೆ ಉಳಿಸಿಕೊಳ್ಳುವ ಸೌಲಭ್ಯ 2015ರ ಜುಲೈ 3ರಿಂದ ಬಂತು. ಪುಣೆ, ಮುಂಬೈಗೆ ದುಡಿಯಲು ಹೋಗುವ ನಮ್ಮವರಿಗೆ ಇದು ನಿಜವಾದ ಅನುಕೂಲ.

ನೆನಪಿಡಿ: ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ನಡುವೆ; ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಸ್ಥಾಪನೆ 1997; ದೇಶದಲ್ಲಿ 5ಜಿ ಚಾಲನೆ 2022ರ ಅಕ್ಟೋಬರ್ 1.