ಮೊದಲು ಮಣ್ಣು ಪರೀಕ್ಷೆ, ಆಮೇಲೆ ಗೊಬ್ಬರದ ಚೀಟಿ

‘ಎಕರೆಗೆ ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯಾ ಕೊಡಿ.’ ಮುಂಗಾರು ಹತ್ತಿರವಾದಂತೆ ದಾವಣಗೆರೆ ಸೀಮೆಯ ಗೊಬ್ಬರದಂಗಡಿಗಳಲ್ಲಿ ಕೇಳಿಬರುವ ಮಾತಿದು. ಮಸಾರಿ ಹೊಲವಿರಲಿ, ಎರೆ ಹೊಲವಿರಲಿ, ಭದ್ರಾ ನಾಲೆಯ ಗದ್ದೆಯಿರಲಿ, ಲೆಕ್ಕ ಮಾತ್ರ ಒಂದೇ. ನೆಲ ಹಾಗಿಲ್ಲವಲ್ಲ! ಆನಗೋಡು, ಮಾಯಕೊಂಡದ ಕಡೆಯ ಕೆಂಪು ಮಣ್ಣಿನಲ್ಲಿ ನೀರಿನ ಜೊತೆ ಯೂರಿಯಾವೂ ಬೇಗ ಕೆಳಗಿಳಿಯುತ್ತದೆ. ಹರಿಹರದ ತುಂಗಭದ್ರಾ ದಂಡೆಯ ಎರೆ ಮಣ್ಣು ಒಮ್ಮೆ ನೀರು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ದಾವಣಗೆರೆ, ಹರಿಹರ ತಾಲ್ಲೂಕುಗಳೆರಡೂ ಮಧ್ಯ ಒಣ ವಲಯಕ್ಕೆ ಸೇರಿವೆ. ಭದ್ರೆಯ ನೀರು ಬಂದಲ್ಲಿ ಭತ್ತ, ಅಡಿಕೆ, ಬಾರದಲ್ಲಿ ಮೆಕ್ಕೆಜೋಳ. ಒಂದು ಕಾಲಕ್ಕೆ ದಾವಣಗೆರೆಯ ಗಿರಣಿಗಳಿಗೆ ಹತ್ತಿ ಕೊಟ್ಟ ಹೊಲಗಳಲ್ಲೂ ಈಗ ಮೆಕ್ಕೆಜೋಳದ್ದೇ ಕಾರುಬಾರು. ವರ್ಷವೂ ಅದೇ ಬೆಳೆ, ಅದೇ ಗೊಬ್ಬರ ಎಂದಾಗ ಮಣ್ಣಿನಲ್ಲಿ ಏನು ಉಳಿದಿದೆ, ಏನು ಬರಿದಾಗಿದೆ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು.

ಮಣ್ಣು ತೆಗೆಯುವುದು ಹೀಗೆ

ಬೆಳೆ ಕಟಾವಾಗಿ, ಗೊಬ್ಬರ ಹಾಕಿ ಕನಿಷ್ಠ ಮೂರು ತಿಂಗಳಾಗಿರಬೇಕು. ಏಪ್ರಿಲ್ ಒಳ್ಳೆಯ ಕಾಲ. ಒಂದೇ ಹೊಲದಲ್ಲಿ ಅರ್ಧ ಕೆಂಪು, ಅರ್ಧ ಕಪ್ಪು ಇದ್ದರೆ ಎರಡು ಮಾದರಿ ಬೇಕು. ತಗ್ಗು, ದಿಬ್ಬಗಳಿಗೂ ಇದೇ ಮಾತು. ಬದು, ಮರದ ನೆರಳು, ತಿಪ್ಪೆ ಹಾಕಿದ ಜಾಗ, ಕಾಲುವೆಯಂಚು ಬೇಡವೇ ಬೇಡ.

ಎಕರೆಯಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಂಟು–ಹತ್ತು ಕಡೆ ಗುರುತು ಮಾಡಿ. ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ‘ವಿ’ ಆಕಾರದಲ್ಲಿ ಆರು ಇಂಚು ಆಳದ ಗುಂಡಿ ತೋಡಿ. ಗುಂಡಿಯ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದಿಂಚು ದಪ್ಪದ ಹೋಳು ಕೆತ್ತಿ ತೆಗೆಯಿರಿ. ಎರೆ ಹೊಲದಲ್ಲಿ ಬೇಸಿಗೆಗೆ ಬಿಟ್ಟ ಬಿರುಕಿನ ಜಾಗ ಬೇಡ. ಮೇಲ್ಮಣ್ಣು ಬಿರುಕಿನೊಳಗೆ ಉದುರಿರುವುದರಿಂದ ಫಲಿತಾಂಶ ದಾರಿ ತಪ್ಪುತ್ತದೆ. ಅಡಿಕೆ ತೋಟಕ್ಕೆ ಆರು ಇಂಚು ಸಾಲದು. ಮೇಲಿನ ಒಂದಡಿ, ಅದರ ಕೆಳಗಿನ ಒಂದಡಿ ಎಂದು ಬೇರೆ ಬೇರೆ ತೆಗೆಯಬೇಕು.

ಎಲ್ಲವನ್ನೂ ಸ್ವಚ್ಛ ಬಟ್ಟೆಯ ಮೇಲೆ ಸುರಿದು, ಹೆಂಟೆ ಪುಡಿ ಮಾಡಿ ಚೆನ್ನಾಗಿ ಬೆರೆಸಿ. ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ. ಅರ್ಧ ಕೆ.ಜಿ. ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಮನೆಯಲ್ಲಿ ಬಿದ್ದಿರುವ ಗೊಬ್ಬರದ ಚೀಲ ಸುಲಭಕ್ಕೆ ಕೈಗೆ ಸಿಗುತ್ತದೆ, ಅದನ್ನು ಮುಟ್ಟಬೇಡಿ. ಹೆಸರು, ಊರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ, ನೀರಾವರಿಯೋ ಮಳೆಯಾಶ್ರಿತವೋ ಎಂದು ಚೀಟಿ ಬರೆದಿಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು.

ಕಾರ್ಡು ಓದುವುದು

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶಗಳಿರುತ್ತವೆ. ಮೊದಲು ರಸಸಾರ ನೋಡಿ: 6.5ರಿಂದ 7.5 ಇದ್ದರೆ ನಿಶ್ಚಿಂತೆ. 8.5 ದಾಟಿದ್ದರೆ ನೆಲ ಕ್ಷಾರದತ್ತ ತಿರುಗಿದೆ. ನಾಲೆ ನೀರು ಬಸಿಯದೆ ನಿಲ್ಲುವ ಗದ್ದೆಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂಥಲ್ಲಿ ಬಸಿಗಾಲುವೆ ಮೊದಲು, ಜಿಪ್ಸಂ ಆಮೇಲೆ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಕೊಟ್ಟಿಗೆ ಗೊಬ್ಬರವೇ ಗತಿ. ಭತ್ತದ ಗದ್ದೆಗಾದರೆ ಸೆಣಬು ಅಥವಾ ಡಯಂಚ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು.

ಸತು 0.6 ಪಿಪಿಎಂಗಿಂತ ಕೆಳಗಿದ್ದರೆ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್ ಹಾಕಿ. ಡಿಎಪಿ ಜೊತೆ ಬೆರೆಸಬೇಡಿ. ರಂಜಕ ಸತುವನ್ನು ಹಿಡಿದಿಟ್ಟು ಬೆಳೆಗೆ ಸಿಗದಂತೆ ಮಾಡುತ್ತದೆ. ಮೆಕ್ಕೆಜೋಳದ ಎಳೆ ಸುಳಿ ಬೆಳ್ಳಗಾದರೆ ನಮ್ಮವರು ಮತ್ತೊಂದು ಹಿಡಿ ಯೂರಿಯಾ ಎರಚುತ್ತಾರೆ. ಅದಕ್ಕೆ ಬೇಕಿದ್ದದ್ದು ಸತು.

ಚೀಲದ ಲೆಕ್ಕ

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಶಿಫಾರಸು ಎಕರೆಗೆ 40 ಕೆ.ಜಿ. ಸಾರಜನಕ, 20 ರಂಜಕ, 10 ಪೊಟ್ಯಾಷ್. 50 ಕೆ.ಜಿ.ಯ ಒಂದು ಚೀಲ ಡಿಎಪಿಯಲ್ಲೇ 23 ಕೆ.ಜಿ. ರಂಜಕ, 9 ಕೆ.ಜಿ. ಸಾರಜನಕ ಬಂತು. ಉಳಿದ 31 ಕೆ.ಜಿ. ಸಾರಜನಕಕ್ಕೆ 45 ಕೆ.ಜಿ. ಚೀಲದ ಯೂರಿಯಾ ಒಂದೂವರೆ ಚೀಲ ಸಾಕು, ಎರಡು ಬೇಕಿಲ್ಲ. 10 ಕೆ.ಜಿ. ಪೊಟ್ಯಾಷ್‌ಗಾಗಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ 17 ಕೆ.ಜಿ. ಹಾಕಿ, ನಮ್ಮಲ್ಲಿ ಬಹುಪಾಲು ಮಂದಿ ಮರೆಯುವುದು ಇದನ್ನೇ. ಕಾರ್ಡಿನಲ್ಲಿ ಯಾವುದೇ ಪೋಷಕಾಂಶ ‘ಹೆಚ್ಚು’ ಎಂದಿದ್ದರೆ ಶಿಫಾರಸಿನಲ್ಲಿ ಸಾಮಾನ್ಯವಾಗಿ ಕಾಲು ಭಾಗ ಇಳಿಸುತ್ತಾರೆ, ‘ಕಡಿಮೆ’ ಎಂದಿದ್ದರೆ ಕಾಲು ಭಾಗ ಏರಿಸುತ್ತಾರೆ. ಕೆಂಪು ಮಣ್ಣಿನವರು ಯೂರಿಯಾವನ್ನು ಒಂದೇ ಸಲಕ್ಕೆ ಸುರಿಯದೆ ಎರಡು–ಮೂರು ಕಂತಿನಲ್ಲಿ, ನೆಲದಲ್ಲಿ ಹಸಿಯಿದ್ದಾಗ ಕೊಡಬೇಕು.

ಪರೀಕ್ಷೆಯನ್ನು ಮೂರು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಜೂನ್‌ನಲ್ಲಿ ಬಿತ್ತುವವರು ಏಪ್ರಿಲ್‌ನಲ್ಲೇ ಮಣ್ಣು ಕೊಟ್ಟುಬಿಡಿ. ಮಳೆ ಬಿದ್ದ ಮೇಲೆ ಕೊಟ್ಟರೆ, ಕಾರ್ಡು ಕೈಸೇರುವ ಹೊತ್ತಿಗೆ ಗೊಬ್ಬರ ಹೊಲ ಸೇರಿರುತ್ತದೆ.