ಸೈಕಲ್‌ಗೆ ಇನ್ಶೂರೆನ್ಸ್ ಬೇಕಾ? ಒಂದು ಸಣ್ಣ ಭಾಗಾಕಾರ

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಟೈಮಲ್ಲಿ ನಮ್ಮ ರೂಮಿನ ಮೂವರಲ್ಲಿ ಒಬ್ಬನ ಸೈಕಲ್ ಹಾಸ್ಟೆಲ್ ಸ್ಟ್ಯಾಂಡಿನಿಂದ ಕಳುವಾಯ್ತು. 16,000 ರೂಪಾಯಿಯ ಗೇರ್ ಸೈಕಲ್. ಅಡಿಕೆ ಮಾರಿದ ದುಡ್ಡಲ್ಲಿ ಅವರಪ್ಪ ಕೊಡಿಸಿದ್ದು. ಹಬ್ಬಕ್ಕೆ ಊರಿಗೆ ಹೋಗೋವರೆಗೂ ಅವನು ಮನೆಗೆ ಹೇಳಲೇ ಇಲ್ಲ. ಅಮ್ಮ ಫೋನಲ್ಲಿ "ಸೈಕಲ್ ಚೆನ್ನಾಗಿದ್ಯೇನೋ?" ಅಂದ್ರೆ "ಹ್ಞೂಂ" ಅಂತಿದ್ದ. ಇನ್ಶೂರೆನ್ಸ್ ಮಾಡಿಸಿದ್ದಿದ್ರೆ ಅನ್ನೋ ಮಾತು ಆಗ ಬಂತು.

ಬೈಕಿಗಾದರೆ ಈ ಪ್ರಶ್ನೆಯೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಪೆಡಲ್ ತುಳಿಯುವ ಸೈಕಲ್ ಮೋಟಾರು ವಾಹನ ಅಲ್ಲ, ಹಾಗಾಗಿ ಬೇಕೋ ಬೇಡವೋ ಅಂತ ನಾವೇ ಲೆಕ್ಕ ಹಾಕ್ಬೇಕು.

ನಾವು ನೋಡಿದ ಒಂದು ಪಾಲಿಸಿಗೆ ವರ್ಷಕ್ಕೆ 900 ರೂಪಾಯಿ ಪ್ರೀಮಿಯಂ. ಸೈಕಲ್ ಹೋದ್ರೆ 16,000 ಪೂರ್ತಿ ಬರುತ್ತೆ ಅಂದ್ಕೊಂಡಿದ್ವಿ. ಬರಲ್ಲ. ಹಳೇದಾಗಿದೆ ಅಂತ ಸವಕಳಿ 20% ಕಳೀತಾರೆ, ಉಳಿಯೋದು 12,800. ಅದರಲ್ಲಿ ಮೊದಲ 500 ರೂಪಾಯಿ ನಷ್ಟ ನಮ್ಮ ತಲೆ ಮೇಲೆ, ಇದಕ್ಕೆ ಡಿಡಕ್ಟಿಬಲ್ ಅಂತಾರೆ. ಕೈಗೆ ಸಿಗೋದು 12,300.

ಈಗ ಪ್ರಾಬಬಿಲಿಟಿ ಕ್ಲಾಸಿನ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ನೆನಪಿಸಿಕೊಳ್ಳಿ (ಮಾರ್ಕ್ಸ್ ಬಿಟ್ಟು ಬೇರೆ ಯಾವುದಕ್ಕೂ ಅದು ಉಪಯೋಗಕ್ಕೆ ಬಂದಿದ್ದು ನಮಗೆ ಇದೇ ಮೊದಲು). ಸೈಕಲ್ ಕಳುವಾಗೋ ಸಂಭವ ಎಷ್ಟು ಅಂತ ಯಾರಿಗೆ ಗೊತ್ತು? ಅದಕ್ಕೇ ಪ್ರಶ್ನೆಯನ್ನ ತಿರುಗಿಸಿದ್ವಿ. 900ನ್ನ 12,300ರಿಂದ ಭಾಗಿಸಿದ್ರೆ 0.073, ಅಂದ್ರೆ ಸುಮಾರು 14ಕ್ಕೆ 1. ನಮ್ಮ ಸ್ಟ್ಯಾಂಡಲ್ಲಿ ನಿಲ್ಲೋ ಇಂಥ 14 ಸೈಕಲ್‌ಗಳಲ್ಲಿ ವರ್ಷಕ್ಕೆ ಒಂದಾದ್ರೂ ಮಾಯ ಆಗುತ್ತಾ? ಇದಕ್ಕೆ ಉತ್ತರ ಸೆಕ್ಯೂರಿಟಿ ಅಣ್ಣನನ್ನೋ ಸೀನಿಯರ್ಸ್‌ನೋ ಕೇಳಿದ್ರೆ ಅಂದಾಜಿಗಾದ್ರೂ ಸಿಗುತ್ತೆ. ಹೌದು ಅನ್ನೋದಾದ್ರೆ ಪಾಲಿಸಿ ಲಾಭ, ಇಲ್ಲಾಂದ್ರೆ ನಷ್ಟ.

ಆದ್ರೆ ಇಲ್ಲಿ ನಾವು ಒಂದು ತಪ್ಪು ಮಾಡಿದ್ವಿ. ಕ್ಲೇಮ್ ಹಾಕಿದ ತಕ್ಷಣ ದುಡ್ಡು ಬರುತ್ತೆ ಅಂತ ಹಿಡ್ಕೊಂಡಿದ್ವಿ. ಕಳ್ಳತನಕ್ಕೆ ಎಫ್‌ಐಆರ್ ಕೇಳ್ತಾರೆ, ಅಂಗಡಿ ಬಿಲ್ ಬೇಕು, ಫ್ರೇಮ್ ನಂಬರ್ ಬೇಕು, ಬೀಗ ಹಾಕಿತ್ತು ಅಂತ ತೋರಿಸ್ಬೇಕು. ನಮ್ಮ ರೂಮ್‌ಮೇಟ್ ಹತ್ತಿರ ಬಿಲ್ ಇರಲಿಲ್ಲ, ಕಂಪ್ಲೇಂಟೂ ಕೊಟ್ಟಿರಲಿಲ್ಲ. "ಒಂದು ಸೈಕಲ್‌ಗೆ ಸ್ಟೇಷನ್ ಮೆಟ್ಟಿಲು ಹತ್ತೋದಾ" ಅಂತ ಸುಮ್ಮನಾಗಿದ್ದ. ಪಾಲಿಸಿ ಇದ್ದಿದ್ರೂ ಅವನಿಗೆ ಒಂದು ರೂಪಾಯಿ ಬರ್ತಿರಲಿಲ್ಲ. ಮೂರು ಕ್ಲೇಮಲ್ಲಿ ಎರಡು ಮಾತ್ರ ಪಾಸಾಗುತ್ತೆ ಅಂತ ಸುಮ್ಮನೆ ಊಹಿಸಿ ನೋಡಿ: 12,300 ಹೋಗಿ 8,200 ಆಗುತ್ತೆ, 14ಕ್ಕೆ 1 ಇದ್ದದ್ದು 9ಕ್ಕೆ 1 ಆಗುತ್ತೆ.

ಕಂಪನಿಯವರು ಕಮಿಷನ್, ಆಫೀಸ್ ಖರ್ಚು, ಲಾಭ ಎಲ್ಲ ಸೇರಿಸಿಯೇ ಪ್ರೀಮಿಯಂ ಹಾಕೋದು. ಸರಾಸರಿಯಲ್ಲಿ ಗ್ರಾಹಕನಿಗೆ ನಷ್ಟವೇ. ಆದ್ರೂ ವಿಮೆಗೆ ಅರ್ಥ ಇದೆ, ಯಾಕಂದ್ರೆ ಸೈಕಲ್ ಹೋದಾಗ ಯಾರಿಗೂ ಸರಾಸರಿ ನಷ್ಟ ಆಗಲ್ಲ, ಪೂರ್ತಿ ನಷ್ಟ ಆಗುತ್ತೆ. 16,000 ಮತ್ತೆ ಹೊಂದಿಸೋಕೆ ಆಗೋ ಮನೆಯವನಿಗೆ ಇದು ಬೇಡ. ಆಗದವನಿಗೆ 9ಕ್ಕೆ 1 ಇರಲಿ, 20ಕ್ಕೆ 1 ಇದ್ರೂ ಯೋಚನೆ ಮಾಡೋ ವಿಷಯ. 80,000ದ ರೋಡ್ ಬೈಕ್ ಇಟ್ಟಿರೋರು ಬೇರೆಯಾಗೇ ಲೆಕ್ಕ ಹಾಕ್ಬೇಕು.

ಸೈಕಲ್ ಬಿಡಿ, ಬಿದ್ದು ನಮಗೇ ಏನಾದ್ರೂ ಆದ್ರೆ? ಬ್ಯಾಂಕ್ ಖಾತೆ ಇರೋ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದ್ರೆ 2 ಲಕ್ಷ. ಆಸ್ಪತ್ರೆ ಬಿಲ್ ಇದರಲ್ಲಿ ಬರಲ್ಲ. ಕ್ಯಾಂಟೀನ್ ಟೀ ಲೆಕ್ಕದಲ್ಲಿ ಹೋಗೋ ದುಡ್ಡು ಅಂತ ನಾವು ಮೂವರೂ ಮಾಡಿಸಿದ್ವಿ.

ಉಳಿದ ಇಬ್ಬರ ಸೈಕಲ್‌ಗಳಿಗೆ ಪಾಲಿಸಿ ತಗೊಳ್ಲಿಲ್ಲ. ಬದಲಿಗೆ ತಲಾ 1,200 ಕೊಟ್ಟು ಯು-ಲಾಕ್ ತಂದ್ವಿ. ಮೂರು ವರ್ಷ ಬಾಳಿಕೆ ಬಂದ್ರೆ ವರ್ಷಕ್ಕೆ 400 ಬಿತ್ತು. ಮುಂಚೆ ಇದ್ದ ತೆಳು ಕೇಬಲ್ ಲಾಕ್ ಒಂದು ಕಟ್ಟರ್‌ಗೆ ಸಾಕಾಗಲ್ಲ. ಫ್ರೇಮನ್ನೂ ಚಕ್ರವನ್ನೂ ಸೇರಿಸಿ ನೆಲಕ್ಕೆ ಹೂತ ಕಂಬಿಗೇ ಹಾಕ್ಬೇಕು. ಬಿಲ್‌ದೂ, ಪೆಡಲ್ ಹತ್ತಿರ ಫ್ರೇಮ್ ಅಡಿಯಲ್ಲಿ ಕೊರೆದಿರೋ ನಂಬರ್‌ದೂ ಫೋಟೋ ತೆಗೆದು ರೂಮಿನ ಗ್ರೂಪಲ್ಲಿ ಹಾಕಿದ್ದೀವಿ. ಕಳ್ಕೊಂಡವನು 4,500ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ತಗೊಂಡ. ಬಿಲ್ ಇಲ್ಲ, ಹಾಗಾಗಿ ಪಾಲಿಸಿ ಮಾತೇ ಬರಲಿಲ್ಲ. ಈಗ ರಾತ್ರಿ ಅದನ್ನ ಎರಡನೇ ಮಹಡಿಗೆ ಹೊತ್ಕೊಂಡು ಬಂದು ಮಂಚದ ಪಕ್ಕ ನಿಲ್ಲಿಸ್ತಾನೆ.