ಕೌದಿಯ ಕರ್ಣ

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆಯೇ ಕೌದಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಇದನ್ನು ಅಂಚಿನಿಂದ ತೊಡಗಿ, ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ಹೀಗೆ ಬಹುದಿನ ಶ್ರಮಿಸಿ ಹೊಲಿದ ಕೌದಿ ಸೊಟ್ಟಗಾದರೆ ಏನು ಮಾಡಬೇಕು? ಅಂಚನ್ನು ಕತ್ತರಿಸಿದರೆ ಹೊಲಿಗೆ ಬಿಚ್ಚುತ್ತದೆ. ಅಜ್ಜಿಯ ಸೀರೆಯ ತುಂಡೂ ಹೋಗುತ್ತದೆ. ಕತ್ತರಿಗಿಂತ ನೀರು ಮತ್ತು ಗಣಿತ ಮೇಲು.

ಮೊದಲು ಕಾರಣವನ್ನು ತಿಳಿಯೋಣ. ದಿಂಡಿಗಲ್ ಸಮೀಪದ ಚಿನ್ನಾಳಪಟ್ಟಿಯಂತಹ ನೇಕಾರರ ಊರಿನ ಮಕ್ಕಳು ಹಾಸು ಹೊಕ್ಕುಗಳನ್ನು ಬಲ್ಲರು. ಈ ಎಳೆಗಳು ಒಂದಕ್ಕೊಂದು ಲಂಬವಾಗಿರುತ್ತವೆ. ಎಳೆಯ ನೇರಕ್ಕೆ ಜಗ್ಗಿದರೆ ಬಟ್ಟೆ ಹೆಚ್ಚು ಹಿಗ್ಗದು. ಓರೆಯಾಗಿ ಜಗ್ಗಿದರೆ ಹಿಗ್ಗುತ್ತದೆ. ನಿಮ್ಮ ಕರವಸ್ತ್ರವನ್ನೇ ಜಗ್ಗಿ ನೋಡಿರಿ. ತುಂಡುಗಳ ದಿಕ್ಕು ಬೇರೆಯಾದಾಗ, ಹೊಲಿಗೆಯ ಬಿಗಿ ಒಂದೇ ಸಮನಾಗಿಲ್ಲದಾಗ ಕೌದಿ ಓರೆಯಾಗುತ್ತದೆ.

ಇನ್ನು ಪರೀಕ್ಷೆ. ಎದುರುಬದುರು ಅಂಚುಗಳು ಸಮವಾಗಿದ್ದರೆ ಸಾಲದು. ಎರಡು ಕರ್ಣಗಳೂ ಸಮವಾಗಿರಬೇಕು. ಕೌದಿಯ ಉದ್ದ 72 ಅಂಗುಲ, ಅಗಲ 54 ಅಂಗುಲ ಇರಲಿ. 72ರ ವರ್ಗ 5184, 54ರ ವರ್ಗ 2916, ಕೂಡಿದರೆ 8100. ಇದರ ವರ್ಗಮೂಲ 90. ಆದ್ದರಿಂದ ಪ್ರತಿಯೊಂದು ಕರ್ಣವೂ 90 ಅಂಗುಲವಿರಬೇಕು. ಒಂದು 92, ಇನ್ನೊಂದು 88 ಬಂದರೆ ಕೌದಿ ಓರೆಯಾಗಿದೆಯೆಂದು ತಿಳಿಯಿರಿ.

ಸರಿಪಡಿಸುವ ಕ್ರಮ ಹೀಗಿದೆ:

1. ಒಂದು ಮೂಲೆಯನ್ನು ನೆನೆಸಿ ಬಿಳಿಯ ಬಟ್ಟೆಯಿಂದ ಒತ್ತಿರಿ. ಬಣ್ಣ ಅಂಟಿದರೆ ಅಲ್ಲಿಗೇ ನಿಲ್ಲಿಸಿರಿ.

2. ತಣ್ಣೀರಿನಲ್ಲಿ ನೆನೆಸಿರಿ. ಹಿಂಡಬೇಡಿರಿ, ದಪ್ಪ ಬಟ್ಟೆಯಲ್ಲಿ ಸುರುಳಿ ಸುತ್ತಿ ಒತ್ತಿರಿ. ಒದ್ದೆ ಕೌದಿ ಬಹಳ ಭಾರ. ಒಂದೇ ಮೂಲೆ ಹಿಡಿದೆತ್ತಿದರೆ ಹೊಲಿಗೆ ಹರಿದೀತು. ಇಬ್ಬರು ಸೇರಿ ಎತ್ತಿರಿ.

3. ಗಾಳಿಯಾಡುವ ನೆರಳಿನಲ್ಲಿ, ಶುಚಿಯಾದ ನೆಲದ ಮೇಲೆ ಹರಡಿರಿ. ಗಿಡ್ಡ ಕರ್ಣದ ಎರಡು ಮೂಲೆಗಳನ್ನು ಮೆಲ್ಲಗೆ ಹೊರಕ್ಕೆ ಜಗ್ಗಿರಿ. ನೆನೆದ ಹತ್ತಿಯ ಎಳೆ ಮೆತ್ತಗಾಗಿರುವುದರಿಂದ ಅದು ಮಾತು ಕೇಳುತ್ತದೆ.

4. ಕರ್ಣಗಳು ಸಮವಾದೊಡನೆ ಅಂಚಿನ ಸುತ್ತ ಬಟ್ಟೆ ಸುತ್ತಿದ ಇಟ್ಟಿಗೆಗಳನ್ನಿಡಿರಿ. ಪೂರ್ಣ ಒಣಗುವ ತನಕ ಕದಲಿಸಬೇಡಿರಿ.

ಈ ಉಪಾಯಕ್ಕೂ ಮಿತಿಯುಂಟು. ತುಂಡುಗಳನ್ನೇ ತಪ್ಪು ಅಳತೆಯಲ್ಲಿ ಕತ್ತರಿಸಿದ್ದರೆ ನೀರು ಅದನ್ನು ತಿದ್ದಲಾರದು; ಹೊಲಿಗೆ ಬಿಚ್ಚಲೇಬೇಕು. ಒಗೆದ ಮೇಲೆ ಕೌದಿ ಮತ್ತೆ ಓರೆಯಾಗಲೂಬಹುದು. ಆದ್ದರಿಂದ ಹೊಲಿಯುವಾಗಲೇ ಆಗಾಗ ಕರ್ಣಗಳನ್ನು ಅಳೆಯುವುದು ಜಾಣತನ.

ವಿದ್ಯಾರ್ಥಿಗಳೇ, ಮನೆಯಲ್ಲಿ ತಾಯಿಯೋ ಅಜ್ಜಿಯೋ ಕೌದಿ ಹೊಲಿಯುತ್ತಿದ್ದರೆ ಒಂದು ದಾರ ಹಿಡಿದು ಅವರ ಬಳಿ ಕುಳಿತುಕೊಳ್ಳಿರಿ. ಸೂಜಿಯ ವಿದ್ಯೆ ಅವರದು, ಕರ್ಣದ ಲೆಕ್ಕ ನಿಮ್ಮದು. ಎರಡೂ ಕೂಡಿದರೆ ಕೌದಿಯ ನಾಲ್ಕು ಮೂಲೆಗಳೂ ನೆಟ್ಟಗಾಗುವುವು.